ನಿಶಾನಿ ಯಾರದು? ಆಫ್ರಿಕಾದ ಸ್ವಾತಂತ್ರ್ಯದ ಬಾವುಟಗಳು

ನಮ್ಮ ವಾಚನಾಲಯದ ಗೋಡೆಗೆ ಜಗತ್ತಿನ ನಕಾಶೆ ತೂಗಬಿಟ್ಟಾರ. ಅದರ ಕೆಳಗಿನ ಅಂಚಿಗೆ ಎಲ್ಲ ದೇಶಗಳ ಬಾವುಟ ಸಣ್ಣಸಣ್ಣಾಗಿ ಅಚ್ಚು ಹಾಕಿದ್ದು ಅದ. ಅದರಾಗ ಆಫ್ರಿಕಾ ಖಂಡದ ಸಾಲು ನೋಡಿದರೆ ಒಂದು ಸಂಗತಿ ಯಾರ ಕಣ್ಣಿಗಾದರೂ ಬೀಳುತ್ತದೆ. ಹಸಿರು, ಹಳದಿ, ಕೆಂಪು. ಇಲ್ಲವೇ ಕಪ್ಪು, ಕೆಂಪು, ಹಸಿರು. ಘಾನಾ, ಗಿನಿ, ಮಾಲಿ, ಸೆನೆಗಲ್, ಕೆಮರೂನ್ ಒಂದು ಬಳಗ. ಕೆನ್ಯಾ, ಮಲಾವಿ ಇನ್ನೊಂದು ಬಳಗ. ಅಣ್ಣತಮ್ಮರು ಒಂದೇ ಥಾನಿನ ಅರಿವಿ ಹರಿಸಿ ಅಂಗಿ ಹೊಲಿಸಿಕೊಂಡಂಗ ಕಾಣತಾವ. ಇದು ಹ್ಯಾಂಗಾಯಿತು ಅಂತ ಓದಿ ತಿಳಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನ ಶಾಲೆ ಏಳನೇ ಇಯತ್ತೆಗೆ ಮುಗೀತು. ಹೊಲ ಮಾಡಿಕೊಂಡು, ದಪ್ಪು ಹಿಡಿದು ಗೀಗೀ ಪದ ಹಾಡಿಕೊಂಡು ಬಂದವನು. ಆದರೆ ನಿಶಾನಿಯ ವಿಷಯ ಹಾಡುಗಾರನಿಗೆ ಹೊಸದಲ್ಲ. ನಮ್ಮಲ್ಲಿ ಹರದೇಸಿಯವರದು ತುರಾಯಿ, ನಾಗೇಸಿಯವರದು ಕಲ್ಗಿ. ಹಾಡು ಸುರು ಆಗೋಕಿಂತ ಮೊದಲೇ ಗುರುತು ನೋಡಿ ಇವರು ಯಾವ ಪಕ್ಷ ಎತ್ತತಾರ ಅನ್ನೋದು ಕೂತ ಮಂದಿಗೆ ಗೊತ್ತಾಗತದ. ಓದು ಬರದ ಮಂದಿಗೆ ಗುರುತೇ ಅಕ್ಷರ. ಆಫ್ರಿಕಾದ ಎಷ್ಟೋ ಬಾವುಟಗಳೂ ಹೀಗೇ ಮೊದಲು ಒಂದು ಪಕ್ಷದ ಗುರುತಾಗಿ ಹುಟ್ಟಿದವು, ಆಮೇಲೆ ಇಡೀ ದೇಶದ ಬಾವುಟ ಆದವು. ತಕರಾರು ಬಂದದ್ದೂ ಅಲ್ಲೇ. ಪಕ್ಷದ್ದು ಎಲ್ಲಿಗೆ ಮುಗೀತು, ದೇಶದ್ದು ಎಲ್ಲಿಂದ ಸುರು ಆಯಿತು?

ಮೊದಲು ಬಣ್ಣದ ಮಾತು. 1884-85ರಲ್ಲಿ ಯುರೋಪಿನ ದೊರೆಗಳು ಬರ್ಲಿನ್ ಊರಾಗ ಕೂತು, ಆಫ್ರಿಕಾವನ್ನು ಹ್ಯಾಂಗ ಹಂಚಿಕೋಬೇಕು ಅನ್ನೋದಕ್ಕೆ ಕಟ್ಟಳೆ ಮಾಡಿಕೊಂಡರು. ಹೊಲದ ಮಾಲೀಕನನ್ನು ಹೊರಗ ನಿಲ್ಲಿಸಿ ಬದು ಹಾಕಿದಂಗ. ಆ ಹಂಚಿಕೆಯಲ್ಲಿ ಇಥಿಯೋಪಿಯಾ ಇಟಲಿಯ ಬಾಯಿಗೆ ಬೀಳಬೇಕಿತ್ತು. 1896ರ ಮಾರ್ಚ್ 1ರಂದು ಆಡ್ವಾ ಎಂಬಲ್ಲಿ ಚಕ್ರವರ್ತಿ ಮೆನೆಲಿಕ್ ಇಟಲಿಯ ದಂಡನ್ನು ಬಡಿದು ಓಡಿಸಿದ. ರಾಣಿ ತೈತು ಕೂಡ ದಂಡಿನ ಜೊತೆ ಹೋಗಿದ್ದಳು. ಬಿಳಿಯರ ಸೈನ್ಯ ಸೋತ ಸುದ್ದಿ ಕರಿಯ ಜನರಿರುವ ಮೂಲೆಮೂಲೆಗೆ ಮುಟ್ಟಿತು. ಆ ಇಥಿಯೋಪಿಯಾದ ಬಾವುಟ ಹಸಿರು, ಹಳದಿ, ಕೆಂಪು. ಮುಂದೆ ಸ್ವತಂತ್ರವಾದ ದೇಶಗಳು ಈ ಬಣ್ಣ ಎತ್ತಿಕೊಂಡದ್ದು, ಸೋಲದ ಮನೆಯ ಕೆಂಡ ತಂದು ತಮ್ಮ ಒಲಿ ಹೊತ್ತಿಸಿಕೊಂಡಂಗ.

ಇನ್ನೊಂದು ಬಳಗದ ಬಣ್ಣ ಬಂದದ್ದು ಸಮುದ್ರದ ಆಚೆಯಿಂದ. ಮಾರ್ಕಸ್ ಗಾರ್ವೆ ಜಮೈಕಾ ದ್ವೀಪದವನು, ಗುಲಾಮರಾಗಿ ಹೋದವರ ವಂಶದವನು. 1920ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಕರಿಯ ಜನರ ದೊಡ್ಡ ಸಭೆ ಕೂಡಿಸಿ, ಕೆಂಪು, ಕಪ್ಪು, ಹಸಿರು ನಮ್ಮ ಬಣ್ಣ ಅಂತ ಸಾರಿದ. ಕೆಂಪು ಹರಿಸಿದ ರಕ್ತಕ್ಕೆ, ಕಪ್ಪು ಜನಕ್ಕೆ, ಹಸಿರು ನೆಲಕ್ಕೆ. ಅದಕ್ಕೂ ಮೊದಲು 1919ರಲ್ಲಿ ಅವನು ಒಂದು ಹಡಗಿನ ಕಂಪನಿ ತೆಗೆದಿದ್ದ. ಹೆಸರು ಬ್ಲ್ಯಾಕ್ ಸ್ಟಾರ್ ಲೈನ್, ಅಂದ್ರೆ ಕಪ್ಪು ನಕ್ಷತ್ರದ ಹಡಗುಗಳು. ಬಡ ಕೂಲಿಕಾರರು ಶೇರು ಕೊಂಡರು. ಮೂರು ವರ್ಷಕ್ಕೆ ಕಂಪನಿ ಮುಳುಗಿತು, ಗಾರ್ವೆ ಜೈಲಿಗೂ ಹೋದ, ಅಮೆರಿಕದವರು ಅವನನ್ನು ದೇಶ ಬಿಡಿಸಿ ಕಳಿಸಿದರು. 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಜೀವ ಇರೋತನಕ ಆಫ್ರಿಕಾ ಆಫ್ರಿಕಾ ಅಂದವನು ಆ ನೆಲಕ್ಕೆ ಒಂದು ಸಲವೂ ಕಾಲಿಡಲಿಲ್ಲ. ಅವನ ನಕ್ಷತ್ರ ಮಾತ್ರ ಹೋಗಿ ಮುಟ್ಟಿತು.

ಮುಟ್ಟಿಸಿದವನು ಕ್ವಾಮೆ ಎನ್ಕ್ರುಮಾ. ಅಮೆರಿಕದಲ್ಲಿ ಹತ್ತು ವರ್ಷ ಇದ್ದು ಓದಿದವನು. ತನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಕಾವು ಕೊಟ್ಟದ್ದು ಗಾರ್ವೆಯ ಪುಸ್ತಕ ಅಂತ ತಾನೇ ಹೇಳಿಕೊಂಡಾನ. ಊರಿಗೆ ಬಂದು 1949ರಲ್ಲಿ ಕನ್ವೆನ್ಷನ್ ಪೀಪಲ್ಸ್ ಪಾರ್ಟಿ ಕಟ್ಟಿದ. ನಮ್ಮ ಗಾಂಧೀಜಿಯವರ ದಾರಿ ನೋಡಿ ಹರತಾಳ, ಅಸಹಕಾರ ಹೂಡಿದ. ಇಂಗ್ಲಿಷರು ಜೈಲಿಗೆ ಹಾಕಿದರು. 1951ರ ಚುನಾವಣೆಯನ್ನು ಜೈಲಿನೊಳಗೆ ಇದ್ದುಕೊಂಡೇ ಗೆದ್ದ! ಆಮೇಲೆ ಅವನ ಪಕ್ಷದವರು ಜೈಲಿಗೆ ಹೋಗಿ ಬಂದದ್ದನ್ನು ಮುಚ್ಚಿಡಲಿಲ್ಲ. 'ಜೈಲಿನ ಪದವೀಧರ' ಅನ್ನುವ ಅರ್ಥದ ಎರಡು ಅಕ್ಷರ ಟೊಪ್ಪಿಗೆ ಮೇಲೆ ಹೊಲಿಸಿ ಹಾಕಿಕೊಂಡು ತಿರುಗಿದರು. ನಮ್ಮಲ್ಲಿ ಗಾಂಧಿ ಟೊಪ್ಪಿಗೆ ಇದ್ದಂಗ ಅವರಿಗೆ ಜೈಲು ಟೊಪ್ಪಿಗೆ. 1957ರ ಮಾರ್ಚ್ 6ರ ನಡುರಾತ್ರಿ ಅಕ್ರಾ ಪಟ್ಟಣದಲ್ಲಿ ಇಂಗ್ಲಿಷರ ಬಾವುಟ ಇಳಿದು ಘಾನಾದ ಬಾವುಟ ಏರಿದಾಗಲೂ ಎನ್ಕ್ರುಮಾನ ತಲೆಯ ಮೇಲೆ ಅದೇ ಟೊಪ್ಪಿಗೆ ಇತ್ತು.

ಆ ಬಾವುಟದ ಚಿತ್ರ ಬರೆದುಕೊಟ್ಟವಳು ಒಬ್ಬ ಹೆಣ್ಣುಮಗಳು, ಶಾಲೆಯ ಮಾಸ್ತರಬಾಯಿ. ಹೆಸರು ಥಿಯೊಡೋಸಿಯಾ ಒಕೊ. ಮೇಲೆ ಕೆಂಪು, ಅದು ಸ್ವಾತಂತ್ರ್ಯಕ್ಕೆ ಸತ್ತವರದು. ನಡುವೆ ಬಂಗಾರದ ಹಳದಿ, ಆ ದೇಶದ ಗಣಿಗಳದು. ಇಂಗ್ಲಿಷರು ಆ ನಾಡಿಗೆ ಇಟ್ಟ ಹೆಸರೇ ಬಂಗಾರದ ಕರಾವಳಿ ಅಂತ ಇತ್ತು. ಕೆಳಗೆ ಹಸಿರು, ಅಡವಿ ಮತ್ತು ಬೆಳೆಯದು. ಹಳದಿಯ ನಟ್ಟನಡುವೆ ಗಾರ್ವೆಯ ಕಪ್ಪು ನಕ್ಷತ್ರ. ಈ ಬಾಯಿ ಆಮೇಲೆ ತನ್ನ ದೇಶದ ಹಾಕಿ ಆಟದ ಸಂಘದ ಅಧ್ಯಕ್ಷಳೂ ಆದಳು, 2015ರ ತನಕ ಬಾಳಿದಳು. ದೇಶದ ನಿಶಾನಿಯನ್ನು ಒಬ್ಬ ಮಾಸ್ತರಬಾಯಿ ಬರೆದಳು ಅನ್ನೋದು ನನಗ ಭಾಳ ಹಿಡಿಸಿದ ಸಂಗತಿ.

ಆದರೆ ಅವಳ ಬಾವುಟಕ್ಕೆ ಏಳು ವರ್ಷದೊಳಗೆ ಕೈ ಬಿತ್ತು. ಎನ್ಕ್ರುಮಾನ ಪಕ್ಷದ ಬಾವುಟ ಕೆಂಪು, ಬಿಳಿ, ಹಸಿರು. 1964ರಲ್ಲಿ ಅವನು ದೇಶದಲ್ಲಿ ತನ್ನ ಪಕ್ಷ ಒಂದೇ ಇರಬೇಕು ಅಂತ ಕಾನೂನು ಮಾಡಿದ. ಅದೇ ವರ್ಷ ದೇಶದ ಬಾವುಟದ ನಡುವಿನ ಹಳದಿ ತೆಗೆದು ಬಿಳಿ ಹಾಕಿಸಿದ. ಈಗ ದೇಶದ ಬಾವುಟ ಅಂದ್ರೂ ಅದೇ, ಪಕ್ಷದ ಬಾವುಟ ಅಂದ್ರೂ ಅದೇ, ನಡುವೆ ಒಂದು ನಕ್ಷತ್ರದ ಫರಕು. 1966ರ ಫೆಬ್ರುವರಿಯಲ್ಲಿ ಅವನು ಪರದೇಶಕ್ಕೆ ಹೋದಾಗ ಸೈನ್ಯದವರು ಗಾದಿ ಕಿತ್ತುಕೊಂಡರು. ಹೊಸಬರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಹಳದಿ ಪಟ್ಟಿಯನ್ನು ತಿರುಗಿ ತಂದದ್ದು. ಎನ್ಕ್ರುಮಾ ದೊಡ್ಡ ಮನುಷ್ಯ, ಇದರಾಗ ಎರಡು ಮಾತಿಲ್ಲ. ಆದರೆ ಊರ ನಿಶಾನಿಗೆ ತನ್ನ ಮನೆಯ ಬಣ್ಣ ಬಳಿದದ್ದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ದೇಶದ ಮುಂದೂ ಇದೇ ಪ್ರಶ್ನೆ ಬಂದಿತ್ತು. ಚರಕದ ಬಾವುಟ ಕಾಂಗ್ರೆಸಿನದು. 1947ರ ಜುಲೈ 22ರಂದು ದೇಶಕ್ಕೆ ಬಾವುಟ ಆರಿಸುವಾಗ ಹಿರಿಯರು ಬಣ್ಣ ಅವೇ ಇಟ್ಟರು, ಚರಕದ ಜಾಗಕ್ಕೆ ಅಶೋಕನ ಚಕ್ರ ತಂದರು.

ಇನ್ನು ಹುಂಜದ ಸಂಗತಿ. ಇದು ನಕಾಶೆಯ ಅಂಚಿನಾಗ ಕಾಣೋದಿಲ್ಲ, ಆದರೆ ಚಳವಳಿಯ ಕಾಲದಾಗ ಎಲ್ಲೆಲ್ಲೂ ಇತ್ತು. ಎನ್ಕ್ರುಮಾನ ಪಕ್ಷದ ಗುರುತು ಕೆಂಪು ಹುಂಜ. ಕೆನ್ಯಾದ ಕಾನು ಪಕ್ಷದ ಗುರುತು ಹುಂಜ. ಮಲಾವಿಯ ಕಾಂಗ್ರೆಸ್ ಪಕ್ಷದ್ದೂ ಹುಂಜ. ಯಾಕ ಅಂತ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೋಳಿ ಕೂಗಿತು ಅಂದ್ರೆ ಬೆಳಗಾಯಿತು, ಏಳ್ರಿ ಅಂತ ಅರ್ಥ. ಸಭೆಯಲ್ಲಿ ಭಾಷಣ ತಿಳಿಯದಿದ್ದರೂ ಹುಂಜದ ಚಿತ್ರ ತಿಳೀತದ. ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲಿ ಜೋಡೆತ್ತು ಕೆಲಸ ಮಾಡಿದ್ದು ಹಿಂಗೇ. ಆ ಚುನಾವಣೆ ನಡೆಸಿದ ಸುಕುಮಾರ ಸೇನ್ ಅವರನ್ನೇ 1953ರಲ್ಲಿ ಸುಡಾನ್ ದೇಶದವರು ತಮ್ಮ ಮೊದಲ ಚುನಾವಣೆ ನಡೆಸಿಕೊಡೋದಕ್ಕೆ ಕರೆಸಿಕೊಂಡಿದ್ದರು.

ಮಲಾವಿಯವರು ಈ ಬೆಳಗಿನ ಮಾತನ್ನು ಎಲ್ಲರಿಗಿಂತ ದೂರ ಒಯ್ದರು. ಅವರ ಘೋಷಣೆ 'ಕ್ವಾಚಾ', ಅಂದ್ರೆ ಬೆಳಕು ಹರೀತು. 1964ರ ಜುಲೈ 6ರಂದು ಸ್ವತಂತ್ರವಾದಾಗ ಪಕ್ಷದ ಕಪ್ಪು, ಕೆಂಪು, ಹಸಿರು ಬಾವುಟವನ್ನೇ ದೇಶಕ್ಕೆ ತಗೊಂಡು, ಹುಂಜದ ಬದಲು ಮೇಲಿನ ಕಪ್ಪು ಪಟ್ಟಿಯಲ್ಲಿ ಅರ್ಧ ಮೂಡಿದ ಕೆಂಪು ಸೂರ್ಯನನ್ನು ಇಟ್ಟರು. ಕಿರಣ 31, ಯಾಕಂದ್ರೆ ಆಫ್ರಿಕಾದಲ್ಲಿ ಸ್ವತಂತ್ರವಾದ 31ನೇ ದೇಶ ತಮ್ಮದು ಅಂತ ಅವರ ಲೆಕ್ಕ. ಮುಂದೆ ತಮ್ಮ ರೂಪಾಯಿಗೆ ಕ್ವಾಚಾ ಅಂತ, ಪೈಸೆಗೆ 'ತಂಬಾಲಾ' ಅಂತ ಹೆಸರಿಟ್ಟರು. ತಂಬಾಲಾ ಅಂದ್ರೆ ಹುಂಜ. ನೂರು ಹುಂಜ ಕೂಡಿದರೆ ಒಂದು ಬೆಳಗು! ಇಂಥ ಕಲ್ಪನೆ ಒಬ್ಬ ಹಾಡುಗಾರನಿಗೆ ಸಿಕ್ಕರೆ ಒಂದು ರಾತ್ರಿಯ ಮೇಳ ನಡೀತದ.

ಈ ಕಥೆಗೆ ಒಂದು ಬಾಲ ಅದ. 2010ರಲ್ಲಿ ಅಧ್ಯಕ್ಷ ಬಿಂಗು ವಾ ಮುತಾರಿಕಾ, ನಮ್ಮ ದೇಶ ಈಗ ಮುಂದೆ ಬಂದದೆ, ಇನ್ನೂ ಅರ್ಧ ಸೂರ್ಯ ಯಾಕ ಅಂತ ಪೂರ್ತಿ ಸೂರ್ಯ, ಅದೂ ಬಿಳೀ ಸೂರ್ಯ ಹಾಕಿಸಿದರು. ಪಟ್ಟಿಗಳ ಕ್ರಮವನ್ನೂ ಬದಲಿಸಿದರು. ಜನಕ್ಕೆ ಅದು ಸೇರಲಿಲ್ಲ. ಮುಂದೆ ಎಣ್ಣೆ ಇಲ್ಲ, ಪರದೇಶದ ಹಣ ಇಲ್ಲ ಅನ್ನುವ ಕಾಲ ಬಂತು. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ, ಹೊಟ್ಟೆ ಮಾತ್ರ ಖಾಲಿ. 2012ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅವರ ಜಾಗಕ್ಕೆ ಬಂದ ಜಾಯ್ಸ್ ಬಾಂಡಾ ಅವರ ಕಾಲದಲ್ಲಿ, ಮೇ ತಿಂಗಳಿನಲ್ಲೇ ಹಳೆಯ ಬಾವುಟ ತಿರುಗಿ ಬಂತು. ಮೂಡುವ ಸೂರ್ಯನಿಗೆ ತಿರುಗಿ ಮೂಡುವ ಅವಕಾಶ ಸಿಕ್ಕಿತು.

ಕೆನ್ಯಾದ ಬಾವುಟ ನೋಡಿದರೆ ನನಗೆ ಇಷ್ಟು ನಗು ಬರೋದಿಲ್ಲ. ಕಪ್ಪು, ಕೆಂಪು, ಹಸಿರು, ನಡುವೆ ಮಸಾಯಿ ಜನರ ಢಾಲು, ಎರಡು ಈಟಿ. ಮೂರೂ ಬಣ್ಣ ಕಾನು ಪಕ್ಷದ್ದು. ನಡುನಡುವೆ ಎರಡು ಸಣ್ಣ ಬಿಳಿ ಗೆರೆ ಕೂಡಿಸಿದರು, ಅದು ಶಾಂತಿಗೆ ಅಂದರು. ಎದುರು ಪಕ್ಷದ ಬಾವುಟದಲ್ಲಿ ಬಿಳಿ ಇತ್ತು, ಅವರನ್ನೂ ಒಳಗೆ ಸೇರಿಸಿಕೊಳ್ಳಲಿಕ್ಕೆ ಹಾಕಿದರು ಅಂತಲೂ ಹೇಳತಾರ. ಹಂಗ ಆಗಿದ್ದರೆ ಅದು ಎನ್ಕ್ರುಮಾ ಮಾಡಿದ್ದಕ್ಕಿಂತ ಶಾಣ್ಯಾತನದ ಕೆಲಸ. 1963ರ ಡಿಸೆಂಬರ್ 12ರಂದು ಈ ಬಾವುಟ ಏರಿತು. ಅದೇ ರಾತ್ರಿ ಕಿಸೋಯಿ ಮುನ್ಯಾವೊ ಎಂಬ ಪರ್ವತಾರೋಹಿ ಹಿಮ ತುಂಬಿದ ಮೌಂಟ್ ಕೆನ್ಯಾದ ಮೇಲೆ ಹೋಗಿ ಬಾವುಟ ನೆಟ್ಟ. ಎರಡು ವರ್ಷ ಮೊದಲು ಪಕ್ಕದ ಟಾಂಗನ್ಯೀಕಾದವರೂ ಹಿಂಗೇ ಮಾಡಿದ್ದರು. ಅಲೆಕ್ಸಾಂಡರ್ ನ್ಯಿರೆಂಡಾ ಎಂಬ ಸೈನ್ಯದ ಅಧಿಕಾರಿ ಕಿಲಿಮಂಜಾರೋದ ತುದಿಯ ಮೇಲೆ ಬಾವುಟ ಏರಿಸಿ ಪಂಜು ಹಚ್ಚಿದ. ಆ ತುದಿಗೆ ಈಗ 'ಉಹುರು' ಅಂತ ಹೆಸರು, ಅವರ ಭಾಷೆಯಲ್ಲಿ ಸ್ವಾತಂತ್ರ್ಯ.

ಕೆನ್ಯಾದ ಹಸಿರು ಅಂದ್ರೆ ಭೂಮಿ. ಅಲ್ಲಿಯ ತಂಪಾದ ಎತ್ತರದ ಒಳ್ಳೆಯ ನೆಲವನ್ನು ಬಿಳಿಯರು ತಮಗೆ ಮೀಸಲು ಮಾಡಿಕೊಂಡು, ಕಿಕುಯು ರೈತರನ್ನು ತಮ್ಮ ಹೊಲದಲ್ಲೇ ಆಳು ಮಾಡಿಟ್ಟಿದ್ದರು. ಅದಕ್ಕೇ ದಂಗೆ ಎದ್ದಿತು. ದಂಗೆಯವರು ತಮ್ಮನ್ನು 'ಭೂಮಿ ಮತ್ತು ಸ್ವಾತಂತ್ರ್ಯದ ಸೇನೆ' ಅಂತ ಕರೆದುಕೊಂಡರು, ಇಂಗ್ಲಿಷರು ಮಾವ್ ಮಾವ್ ಅಂತ ಕರೆದು, 1950ರಲ್ಲೇ ಅದನ್ನು ಕಾನೂನಿನ ಹೊರಗೆ ಹಾಕಿದರು. 1952ರಿಂದ 1960ರ ತನಕ ತುರ್ತು ಪರಿಸ್ಥಿತಿ. ಮುಳ್ಳುತಂತಿಯ ಛಾವಣಿಗಳು, ಸಾವಿರಕ್ಕಿಂತ ಹೆಚ್ಚು ಮಂದಿಗೆ ಗಲ್ಲು. ಮುಖಂಡ ದೇದಾನ್ ಕಿಮಾಥಿಯನ್ನು 1957ರ ಫೆಬ್ರುವರಿ 18ರಂದು ಗಲ್ಲಿಗೇರಿಸಿ, ಗುರುತಿಲ್ಲದ ಕುಣಿಯಲ್ಲಿ ಹೂತರು. ನೆನಪಿಡ್ರಿ, ಅದಾಗಿ ಮೂರು ವಾರದೊಳಗೆ ಘಾನಾ ಸ್ವತಂತ್ರವಾಯಿತು.

ಈಗ ಬಾವುಟದ ಕೆಂಪು ನೋಡೋಣ. ಆ ಕೆಂಪು ಸ್ವಾತಂತ್ರ್ಯಕ್ಕಾಗಿ ಹರಿದ ರಕ್ತದ್ದು ಅಂತ ಕೆನ್ಯಾದ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಆ ರಕ್ತ ಹರಿಸಿದವರ ಸಂಘಟನೆಯ ಮೇಲೆ ಇಂಗ್ಲಿಷರು ಹಾಕಿದ ನಿಷೇಧ ಯಾವಾಗ ತೆಗೆದರು ಅಂದ್ರೆ 2003ರಲ್ಲಿ! ಸ್ವಾತಂತ್ರ್ಯ ಬಂದು ನಾಲ್ವತ್ತು ವರ್ಷಕ್ಕೆ. ಅಷ್ಟು ವರ್ಷ ಅವರ ರಕ್ತ ಕಂಬದ ತುದಿಯಲ್ಲಿ ಹಾರುತ್ತಿತ್ತು, ಅವರ ಹೆಸರು ಅಪರಾಧಿಗಳ ಪಟ್ಟಿಯಲ್ಲಿತ್ತು. ಕಿಮಾಥಿಯ ಪುತ್ಥಳಿ ನೈರೋಬಿಯಲ್ಲಿ ನಿಂತದ್ದು 2007ರಲ್ಲಿ. ಹಸಿರಿನ ಮಾತೂ ಹಂಗೇ. ಹೊಸ ಸರಕಾರ ಬಿಳಿಯರ ಜಮೀನು ರೊಕ್ಕ ಕೊಟ್ಟು ಕೊಂಡು ಹಂಚಿತು. ರೊಕ್ಕ ಇದ್ದವರಿಗೆ, ಕುರ್ಚಿ ಇದ್ದವರಿಗೆ ದೊಡ್ಡ ದೊಡ್ಡ ಹೊಲ ಸಿಕ್ಕವು. ಅಡವಿಯಿಂದ ಹೊರಗೆ ಬಂದ ಎಷ್ಟೋ ಮಂದಿ ಕೈ ಒರೆಸಿಕೊಂಡು ಹೋದರು. ಬಾವುಟದಾಗ ಹಸಿರು ಪಟ್ಟಿ ಹೊಲಿಯೋದು ಸುಲಭ. ಸಾತಬಾರಾ ಉತಾರದಾಗ ಹೆಸರು ಏರಿಸೋದು ಎಷ್ಟು ತ್ರಾಸಿನ ಕೆಲಸ ಅಂತ ನಮ್ಮ ಭಾಗದ ರೈತರಿಗೆ ಹೇಳಬೇಕೇನು?

ಬಾವುಟ ಹಿಡಿದದ್ದಕ್ಕೇ ಜೀವ ಕೊಟ್ಟವರೂ ಇದ್ದಾರ. ಉತ್ತರದ ಅಲ್ಜೀರಿಯಾ ಫ್ರೆಂಚರ ಕೈಯಲ್ಲಿತ್ತು. 1945ರ ಮೇ 8ರಂದು ಯುರೋಪಿನ ಯುದ್ಧ ಗೆದ್ದ ಸಂಭ್ರಮಕ್ಕೆ ಸೆತಿಫ್ ಎಂಬ ಊರಲ್ಲಿ ಮೆರವಣಿಗೆ. ಬೂಜಿದ್ ಸಾಲ್ ಎಂಬ ತರುಣ ನಿಷೇಧವಿದ್ದ ಅಲ್ಜೀರಿಯಾದ ಬಾವುಟ ಎತ್ತಿ ಹಿಡಿದ. ಪೊಲೀಸರು ಗುಂಡು ಹೊಡೆದರು. ಆಮೇಲೆ ಎರಡೂ ಕಡೆ ರಕ್ತ ಹರೀತು, ಕಡೆಗೆ ಫ್ರೆಂಚ್ ಸೈನ್ಯ ಸುತ್ತಿನ ಹಳ್ಳಿಗಳಲ್ಲಿ ಸಾವಿರಾರು ಮಂದಿಯನ್ನು ಕೊಂದಿತು. ಇದನ್ನು ಓದಿದಾಗ ನನಗೆ ನಮ್ಮ ಸೊಲ್ಲಾಪುರ ನೆನಪಾಯಿತು. 1930ರ ಮೇ ತಿಂಗಳಲ್ಲಿ ಅಲ್ಲಿ ಮಾರ್ಷಲ್ ಲಾ ಬಂದು, 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೆ ಹಾಕಿದರು. ನಾಲ್ಕು ಪುತಳಿಯ ಮುಂದೆ ಬಸ್ಸಿನಾಗ ಹೋಗುವ ನಮ್ಮ ಹುಡುಗರಿಗೆ ಆ ನಾಲ್ಕು ಹೆಸರು ಗೊತ್ತಿರಲಿ ಅಂತ ಇಲ್ಲಿ ಬರೆದೆ.

ಪೋರ್ತುಗೀಜರು ಎಲ್ಲರಿಗಿಂತ ಹಟಮಾರಿಗಳು. ಗೋವೆಯನ್ನು ನಮ್ಮ ಸೈನ್ಯ 1961ರ ಡಿಸೆಂಬರ್ 19ರಂದು ಬಿಡಿಸಿಕೊಂಡಿತು. ಆಫ್ರಿಕಾದ ಅವರ ನಾಡುಗಳು ಇನ್ನೂ ಹದಿಮೂರು-ಹದಿನಾಲ್ಕು ವರ್ಷ ಬಂದೂಕು ಹಿಡಿಯಬೇಕಾಯಿತು. ಅದಕ್ಕೇ ಅವರ ಬಾವುಟಗಳಲ್ಲಿ ಆಯುಧ ಬಂದವು. ಅಂಗೋಲಾದ ಬಾವುಟದಲ್ಲಿ ಯಂತ್ರದ ಹಲ್ಲಿನ ಗಾಲಿಯ ಅರ್ಧ, ಜೊತೆಗೆ ನಮ್ಮ ಕಬ್ಬು ಕಡಿಯುವ ಕೊಯ್ತಾದಂಥ ಕತ್ತಿ. ಮೊಜಾಂಬಿಕ್‌ನ ಬಾವುಟದಲ್ಲಿ ಪುಸ್ತಕ, ಅದರ ಮೇಲೆ ಅಡ್ಡಡ್ಡ ಗುದ್ದಲಿ ಮತ್ತು ಎ.ಕೆ. 47 ಬಂದೂಕು. ಬಂದೂಕು ತೆಗೀರಿ ಅಂತ ಎದುರು ಪಕ್ಷದವರು ಹೇಳಿದರು. 2005ರಲ್ಲಿ ಹೊಸ ಬಾವುಟಕ್ಕೆ ಸ್ಪರ್ಧೆಯೂ ಆಯಿತು. ಆದರೂ ಬಂದೂಕು ಉಳಿದದೆ. ನನ್ನನ್ನು ಕೇಳಿದರೆ ಗುದ್ದಲಿ, ಪುಸ್ತಕ ಎರಡೇ ಸಾಕಿತ್ತು. ಆದರೆ ಹೋರಾಡಿದವರು ಅವರು, ನಾನಲ್ಲ. ಅವರ ಹೋರಾಟದ ನಾಯಕ, ಆಮೇಲೆ ಅಧ್ಯಕ್ಷನಾದ ಸಮೋರಾ ಮಾಚೆಲ್ 1986ರಲ್ಲಿ ವಿಮಾನ ಬಿದ್ದು ಸತ್ತಾಗ, ಜೊತೆಗೆ ಸತ್ತವರಲ್ಲಿ ಅಕೀನೊ ದ ಬ್ರಗಾಂಸಾ ಎಂಬವರೂ ಇದ್ದರು. ಅವರು ಹುಟ್ಟಿದ್ದು ನಮ್ಮ ಗೋವೆಯಲ್ಲಿ.

ಗಿನಿ-ಬಿಸಾವು ಮತ್ತು ಕೇಪ್ ವರ್ಡೆ ದ್ವೀಪಗಳ ಕಥೆ ಬೇರೆ. ಎರಡಕ್ಕೂ ಒಬ್ಬನೇ ನಾಯಕ, ಅಮಿಲ್ಕಾರ್ ಕಬ್ರಾಲ್. ಬೇಸಾಯದ ವಿದ್ಯೆ ಓದಿದವನು. ಹಳ್ಳಿಹಳ್ಳಿ ತಿರುಗಿ ಯಾರ ಹೊಲ ಎಷ್ಟು, ಏನು ಬೆಳೀತಾರ ಅಂತ ಸರಕಾರಕ್ಕೆ ಗಣತಿ ಬರೆದವನು. ರೈತರ ಮನೆಯ ಕಷ್ಟ ತಿಳಿದು ಪಕ್ಷ ಕಟ್ಟಿದ. 1973ರ ಜನವರಿ 20ರಂದು ತನ್ನ ಪಕ್ಷದವರ ಕೈಯಿಂದಲೇ ಕೊಲೆಯಾದ, ಸ್ವಾತಂತ್ರ್ಯ ನೋಡಲಿಲ್ಲ. ಕೆಂಪು, ಹಳದಿ, ಹಸಿರು, ಕಪ್ಪು ನಕ್ಷತ್ರದ ಪಕ್ಷದ ಬಾವುಟದ ಮಾದರಿಯನ್ನೇ ಎರಡೂ ದೇಶ ಏರಿಸಿದವು. ಗಿನಿ-ಬಿಸಾವು ಇವತ್ತಿಗೂ ಅದನ್ನೇ ಇಟ್ಟುಕೊಂಡದೆ. ಕೇಪ್ ವರ್ಡೆಯವರು 1991ರ ಚುನಾವಣೆಯಲ್ಲಿ ಹಳೆಯ ಪಕ್ಷವನ್ನು ಸೋಲಿಸಿ, ಮರುವರ್ಷ ಬಾವುಟವನ್ನೂ ಬದಲಿಸಿದರು. ಈಗ ಸಮುದ್ರದ ನೀಲಿ, ಹತ್ತು ದ್ವೀಪಕ್ಕೆ ಹತ್ತು ನಕ್ಷತ್ರ. ರುವಾಂಡಾದವರು 2001ರಲ್ಲಿ ಬದಲಿಸಿದ್ದು ಇನ್ನೂ ದೊಡ್ಡ ದುಃಖಕ್ಕೆ. 1994ರ ನರಮೇಧದ ರಕ್ತದ ನೆನಪು ಹಳೆಯ ಬಾವುಟಕ್ಕೆ ಅಂಟಿಕೊಂಡಿತ್ತು.

ಕಡೆಗೆ ದಕ್ಷಿಣ ಆಫ್ರಿಕಾ. ಗಾಂಧೀಜಿ 21 ವರ್ಷ ದುಡಿದ ನೆಲ. ಅಲ್ಲಿಯ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ 1912ರಲ್ಲಿ ಹುಟ್ಟಿತು. ಬಾವುಟ ಕಪ್ಪು, ಹಸಿರು, ಬಂಗಾರದ ಬಣ್ಣ: ಜನ, ನೆಲ, ನೆಲದ ಕೆಳಗಿನ ಸಂಪತ್ತು. 1960ರಿಂದ 1990ರ ತನಕ ಪಕ್ಷಕ್ಕೆ ನಿಷೇಧ, ಬಾವುಟ ಹಿಡಿದರೆ ಜೈಲು. ಆದರೂ ಪೊಲೀಸರ ಗುಂಡಿಗೆ ಸತ್ತ ಹುಡುಗರ ಹೆಣದ ಪೆಟ್ಟಿಗೆಯ ಮೇಲೆ ಜನ ಆ ಬಾವುಟ ಹೊದಿಸಿ ಒಯ್ದರು. ಇಷ್ಟೆಲ್ಲ ಅನುಭವಿಸಿದವರು 1994ರಲ್ಲಿ ಅಧಿಕಾರಕ್ಕೆ ಬರುವಾಗ ತಮ್ಮ ಪಕ್ಷದ ಬಾವುಟವನ್ನೇ ದೇಶದ ಮೇಲೆ ಏರಿಸಿದ್ದರೆ ಬೇಡ ಅನ್ನೋದು ಕಷ್ಟವಿತ್ತು. ಅವರು ಹಂಗ ಮಾಡಲಿಲ್ಲ. ಜನರಿಂದ ಚಿತ್ರ ಕರೆದರು, ಏಳು ಸಾವಿರಕ್ಕಿಂತ ಹೆಚ್ಚು ಬಂದವು, ಒಂದೂ ಒಪ್ಪಿಗೆ ಆಗಲಿಲ್ಲ. ಚುನಾವಣೆ ಹತ್ತಿರ ಬಂತು. ಕಡೆಗೆ ಸರಕಾರದ ಲಾಂಛನಗಳ ಅಧಿಕಾರಿ ಫ್ರೆಡರಿಕ್ ಬ್ರೌನೆಲ್ ಬರೆದ ಚಿತ್ರವನ್ನು ಎರಡೂ ಕಡೆಯವರು ಒಪ್ಪಿದರು. ಎರಡು ದಾರಿ ಬಂದು ಒಂದಾಗಿ ಮುಂದೆ ಹೋದಂಗ ಅದರ ಆಕಾರ. ಬಣ್ಣ ಆರು. ಕಪ್ಪು, ಹಸಿರು, ಹಳದಿ ಇವರ ಕಡೆಯವು. ಕೆಂಪು, ಬಿಳಿ, ನೀಲಿ ಅವರ ಕಡೆಯವು ಅಂತ ಜನ ಎಣಿಸತಾರ. ಸರಕಾರ ಮಾತ್ರ ಇದಕ್ಕೆ ಇದೇ ಅರ್ಥ ಅಂತ ಯಾವ ಬಣ್ಣಕ್ಕೂ ಬರೆದಿಟ್ಟಿಲ್ಲ. 1994ರ ಏಪ್ರಿಲ್ 27ರಂದು, ಕರಿಯರು ಮೊದಲ ಸಲ ಸಾಲಿನಲ್ಲಿ ನಿಂತು ಮತ ಹಾಕಿದ ದಿನವೇ, ಅದು ಹಾರಿತು. ಸದ್ಯಕ್ಕೆ ಇರಲಿ, ಆಮೇಲೆ ನೋಡಿದರಾಯಿತು ಅಂತ ಏರಿಸಿದ ಬಾವುಟ ಅದು. 1996ರ ಸಂವಿಧಾನದಲ್ಲಿ ಅದನ್ನೇ ಕಾಯಂ ಮಾಡಿದರು.